ಅಧಿಕಾರ ಇಲ್ಲ ಅನ್ನಬೇಡಿ

'ಇಂಗ್ಲೆಂಡಿನ ಹಳ್ಳಿಯ ಪ್ಯಾರಿಶ್ ಕೌನ್ಸಿಲ್ ಅಂದರೆ ನಾಯಿ ಗಲೀಜಿನ ಡಬ್ಬಿ ಎಲ್ಲಿಡಬೇಕು ಅಂತ ಕಿತ್ತಾಡುವ ನಿವೃತ್ತರ ಕೂಟ, ಅಧಿಕಾರ ಏನೂ ಇಲ್ಲ' ಎಂದು ಬರೆದಿದ್ದೀರಿ. (ಪ್ಯಾರಿಶ್ ಕೌನ್ಸಿಲ್ ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದ್ದು.) ಮೊದಲರ್ಧ ಒಪ್ಪಿದೆ. ನಾವಿರುವ ಹಳ್ಳಿಯಲ್ಲಿ ಬಸ್ ತಂಗುದಾಣದ ಬೆಂಚಿಗೆ ಯಾವ ಬಣ್ಣ ಎಂಬುದೇ ಮೂರು ಸಭೆ ತಿಂದುಹಾಕಿತು!

ಎರಡನೆಯದು ಸರಿಯಲ್ಲ. ಮನೆ ಕಟ್ಟಲು ಅನುಮತಿ ಕೊಡುವುದು ಮೇಲಿನ ಕೌನ್ಸಿಲ್, ಇವರು ಬರೀ ಅಭಿಪ್ರಾಯ ಹೇಳಬಹುದು, ನಿಜ. ಆದರೆ ದುಡ್ಡು? 'ಪ್ರಿಸೆಪ್ಟ್', ಅಂದರೆ ತನ್ನ ಖರ್ಚಿಗೆ ಊರಿನವರಿಂದ ಎತ್ತುವ ಹಣ, ಎಷ್ಟು ಎಂದು ಪ್ಯಾರಿಶ್ ತಾನೇ ತೀರ್ಮಾನಿಸುತ್ತದೆ, ಅದು ನಮ್ಮ ಕೌನ್ಸಿಲ್ ಟ್ಯಾಕ್ಸ್ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಬಿಲ್ಲಿಗೇ ಸೇರಿ ಬರುತ್ತದೆ. ಮಿತಿಮೀರಿ ಏರಿಸಿದರೆ ಜನಮತ ಕೇಳಬೇಕೆಂಬ ಕಟ್ಟುಪಾಡು ದೊಡ್ಡ ಕೌನ್ಸಿಲ್‌ಗಳಿಗಿದೆ, ಇವಕ್ಕೆ ಈವರೆಗೆ ಹಾಕಿಲ್ಲ.

ಇನ್ನೊಂದು: ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡುಭೂಮಿ, ಅಲಾಟ್‌ಮೆಂಟ್. 1908ರ ಕಾಯ್ದೆಯ ಪ್ರಕಾರ ಊರಿನ ಆರು ಮತದಾರರು ಬರೆದುಕೊಟ್ಟರೆ ಪ್ಯಾರಿಶ್ ಅದನ್ನು ಪರಿಗಣಿಸಲೇಬೇಕು. ಮೆಂತ್ಯ ಸೊಪ್ಪಿನ ಆಸೆಗೆ ನಾನೂ ಐವರನ್ನು ಕೂಡಿಸಿ ಸಹಿ ಹಾಕಿದೆ. ಎರಡು ವರ್ಷ ಕಾಯಿಸಿದರು, ಕೊನೆಗೆ ಅರ್ಧ ತುಂಡು ಸಿಕ್ಕಿತು. (ಮೆಂತ್ಯ ಬಂತು, ಬದನೆ ಚಳಿಗೆ ಸತ್ತಿತು.)

ನೀವು ಬರೆಯಬೇಕಾಗಿದ್ದ ದೂರು ಬೇರೆಯೇ ಇತ್ತು. ನಮ್ಮಲ್ಲಿ ಸೀಟಿಗೆ ಸ್ಪರ್ಧಿಸುವವರೇ ಇಲ್ಲ. ಖಾಲಿ ಉಳಿದ ಜಾಗಕ್ಕೆ ಇದ್ದವರೇ ತಮಗೆ ಬೇಕಾದವರನ್ನು ಸೇರಿಸಿಕೊಳ್ಳುತ್ತಾರೆ, ಕಾನೂನುಬದ್ಧವಾಗಿಯೇ. ಸಂಬಳಕ್ಕಿರುವ ಕ್ಲರ್ಕ್ ಮೂರು ಪೂರ್ಣ ದಿನ ಮೊದಲೇ ಅಜೆಂಡಾ ಫಲಕಕ್ಕೆ ಹಚ್ಚುತ್ತಾರೆ, ಸಭೆಗೆ ಯಾರು ಬೇಕಾದರೂ ಹೋಗಬಹುದು. ಕಳೆದ ಸಲ ಪ್ರೇಕ್ಷಕರ ಕುರ್ಚಿಯಲ್ಲಿ ಕೂತಿದ್ದವನು ನಾನೊಬ್ಬನೇ.