ಸುಳ್ಳು ಒಂಬತ್ತು, ನಿಜವಾದ ಸೊನ್ನೆ

ಸತತ ಐದು ಪಂದ್ಯಗಳಲ್ಲಿ ಗೋಲಿನ ಮುಖ ಕಾಣದ ಫುಟ್‌ಬಾಲ್ ತಂಡದ ಕೋಚ್ ಪತ್ರಿಕಾಗೋಷ್ಠಿಗೆ ಬಂದು, ‘ನಿರೀಕ್ಷಿತ ಗೋಲು’ಗಳ ಲೆಕ್ಕದಲ್ಲಿ ತಾವೇ ಗೆದ್ದಿದ್ದೇವೆಂದು ಗಂಭೀರವಾಗಿ ಘೋಷಿಸುತ್ತಾರೆ. ಒಂದು ಅವಕಾಶವನ್ನು ಸಾಮಾನ್ಯವಾಗಿ ಎಷ್ಟು ಸಲ ಗೋಲಾಗಿಸಬಹುದೆಂಬ ಅಂದಾಜಿಗೆ ಆ ಹೆಸರು. ಅಂದರೆ, ಗೋಲು ಹೊಡೆಯುವುದೇ ಕೆಲಸವಾದ ತಮ್ಮ ಸ್ಟ್ರೈಕರ್ ಸಾಮಾನ್ಯನಿಗಿಂತಲೂ ಕಡಿಮೆಯೆಂದು ಕೋಚ್ ಅಂಕಿಅಂಶ ಸಮೇತ ಒಪ್ಪಿಕೊಂಡಂತಾಯಿತು; ಪಾಪ, ಅವರಿಗದು ಹೊಳೆದಿಲ್ಲ.

ಆ ಸ್ಟ್ರೈಕರನನ್ನೇ ನೋಡಿ. ಎದುರಿಗೆ 7.32 ಮೀಟರ್ ಅಗಲದ ಗೋಲು, ನೆಲಕ್ಕುರುಳಿದ ಗೋಲ್‌ಕೀಪರ್, ಐದೂವರೆ ಮೀಟರಿನಷ್ಟೇ ದೂರ. ಚೆಂಡು ತಾನಾಗಿಯೇ ಕಾಲಿನ ಬಳಿ ಬಂದು ನಿಂತಿದೆ. ಆತ ಅದನ್ನು ಅಡ್ಡಪಟ್ಟಿಯ ಮೇಲಿನಿಂದ ಪ್ರೇಕ್ಷಕರಿಗೆ ದಾನ ಮಾಡಿ, ಬಳಿಕ ತಲೆ ತಗ್ಗಿಸಿ, ಏನೂ ಆಗಿರದ ಹುಲ್ಲನ್ನು ಬೂಟಿನಿಂದ ತುಳಿತುಳಿದು ಸಮ ಮಾಡುತ್ತಾನೆ. ಕುಣಿಯಲಾರದವರಿಗೆ ನೆಲ ಡೊಂಕೆಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಅಭಿನಯಿಸುವವರು ಬೇರಾವ ಆಟದಲ್ಲೂ ಇರಲಾರರು.

ಪರಿಹಾರವಾಗಿ ಹಲಗೆಯ ಮೇಲೆ ಹೊಸ ಬಾಣಗಳು ಮೂಡುತ್ತವೆ. ಗೋಲ್‌ಕೀಪರ್‌ನನ್ನು ಬಿಟ್ಟು ಉಳಿದವರನ್ನು ಸಾಲುಸಾಲಾಗಿ ನಿಲ್ಲಿಸುವ ಲೆಕ್ಕದಲ್ಲಿ 4-3-3 ಹೋಗಿ 4-2-3-1 ಬರುತ್ತದೆ. ಹೇಗೆ ಕೂಡಿದರೂ ಮೊತ್ತ ಹತ್ತೇ. ಆ ಹತ್ತರಲ್ಲಿ ಅದೇ ಸ್ಟ್ರೈಕರನೂ ಒಬ್ಬ. ಅದೂ ಫಲಿಸದಿದ್ದರೆ ‘ಸುಳ್ಳು ಒಂಬತ್ತು’ ತಂತ್ರವಿದೆ: ಒಂಬತ್ತನೇ ಅಂಕಿಯ ಸ್ಟ್ರೈಕರ್ ಗೋಲಿನ ಬಳಿ ನಿಲ್ಲದೆ ಹಿಂದೆ ಸರಿದು ಆಡುವುದು. 2009ರ ಮೇ ತಿಂಗಳಿನಲ್ಲಿ ಬಾರ್ಸಿಲೋನಾ ಕೋಚ್ ಗಾರ್ಡಿಯೊಲಾ ಇದೇ ತಂತ್ರದಿಂದ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರದೇ ಅಂಗಳದಲ್ಲಿ 6-2ರಿಂದ ಸೋಲಿಸಿದ್ದರು. ನಮ್ಮ ಕೋಚ್ ಅದರ ಒಂದು ಬಾಣವನ್ನೂ ಬಿಡದೆ ನಕಲು ಮಾಡಿದ್ದಾರೆ; ಬಿಟ್ಟುಹೋದದ್ದು ಮೆಸ್ಸಿ ಮಾತ್ರ.

ತಂತ್ರದ ಭಕ್ತರು ಈ ಹಂತದಲ್ಲಿ ತಪ್ಪದೆ 2004ರ ಯೂರೋ ಕಪ್ ಗೆದ್ದ ಗ್ರೀಸನ್ನು ಎಳೆತರುತ್ತಾರೆ. ಕೋಚ್ ರೆಹಾಗೆಲ್ ಅವರ ಆ ತಂಡ ಕೊನೆಯ ಮೂರೂ ಪಂದ್ಯಗಳನ್ನು 1-0ರಿಂದ ಗೆದ್ದದ್ದು ನಿಜ, ಕಟ್ಟುನಿಟ್ಟಿನ ರಕ್ಷಣೆ ಅವರ ಪಾಠವೇ ಹೌದು. ಆದರೆ ಆ ಮೂರು ಗೋಲುಗಳೂ ಹೆಡರ್‌ಗಳು: ತಲೆ ಓಡಿಸಿದವರು ಕೋಚ್ ಆದರೂ ತಲೆ ಕೊಟ್ಟವರು ಆಟಗಾರರು.

ಇಷ್ಟಾದರೂ ಆಡಳಿತ ಮಂಡಳಿಗೆ ಗೊತ್ತಿರುವ ಔಷಧ ಒಂದೇ, ಕೋಚ್ ಬದಲಾವಣೆ. ಇಪ್ಪತ್ತೈದು ಆಟಗಾರರನ್ನು ಬದಲಿಸುವುದಕ್ಕಿಂತ ಒಬ್ಬರನ್ನು ಮನೆಗೆ ಕಳುಹಿಸುವುದು ಅಗ್ಗವಷ್ಟೇ. 2007-08ರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಡರ್ಬಿ ಕೌಂಟಿ ತಂಡ ನವೆಂಬರ್‌ನಲ್ಲೇ ಈ ಔಷಧ ಸೇವಿಸಿತ್ತು. 38 ಪಂದ್ಯಗಳಲ್ಲಿ ಅದು ಹೊಡೆದದ್ದು 20 ಗೋಲು, ಗೆದ್ದದ್ದು ಒಂದೇ ಪಂದ್ಯ. ಆ ಒಂದು ಗೆಲುವೂ ಹಳೆಯ ಕೋಚ್ ಖಾತೆಯದು.

ನಮ್ಮ ತಂಡಕ್ಕೂ ಹೊಸ ಕೋಚ್ ಬಂದಿದ್ದಾರೆ. ಕೊರಳಿಗೆ ತಂಡದ ಶಾಲು ಹೊದ್ದು, ದಾಳಿಯೇ ತಮ್ಮ ಧರ್ಮವೆಂದು ಮೈದಾನದ ಅಂಚಿನಲ್ಲಿ ನಿಂತು ಹೇಳುತ್ತಿದ್ದಾರೆ. ಅವರ ಬೆನ್ನ ಹಿಂದೆ ಖಾಲಿ ಗೋಲಿಗೆ ಅಭ್ಯಾಸ ನಡೆದಿತ್ತು, ಈಗ ನಿಂತಿದೆ. ಬೇಲಿಯಾಚೆ ಚೆಂಡು ಹುಡುಕಲು ಹೋದ ಹುಡುಗ ಇನ್ನೂ ಬಂದಿಲ್ಲ.