‘ಸೌಂಡ್ ಈಸ್ ಕಮಿಂಗ್’ ಅಂದರೆ ಯಾವ ಸೌಂಡು?

ಬ್ರೇಕ್ ಹಾಕಿದರೆ ಸೌಂಡ್ ಈಸ್ ಕಮಿಂಗ್, ಫ್ಯಾನಿಂದ ಸೌಂಡ್ ಈಸ್ ಕಮಿಂಗ್, ಪಕ್ಕದ ಮನೆಯಿಂದಲೂ ಸೌಂಡ್ ಈಸ್ ಕಮಿಂಗ್. ಕನ್ನಡದಲ್ಲಿ ಕಿರ್, ಕರಕರ, ದೊಪ್, ಠಣ್, ಗಡಗಡ ಅಂತ ಒಂದೊಂದನ್ನೂ ಬೇರೆ ಮಾಡಿ ಹೇಳುವ ನಾವು ಇಂಗ್ಲಿಷಿಗೆ ಹೋದ ಕೂಡಲೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ಸದ್ದನ್ನು ಹೇಳುವ ಇಂಗ್ಲಿಷ್ ಪದಗಳನ್ನು ‘ಗದ್ದಲ’, ‘ಕರ್ಕಶ ಧ್ವನಿ’ ಅನ್ನುವ ಅರ್ಥ ಹಚ್ಚಿ ಕಲಿತರೆ ಹೀಗೇ ಆಗುವುದು. ಕಿರ್, ದೊಪ್ ಥರದ ನಮ್ಮ ಅನುಕರಣಾವ್ಯಯಗಳನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯಬೇಕು ಅನ್ನುವುದು ನನ್ನ ವಾದ.

ಮೊದಲು ವಾಕ್ಯದ ವಿಚಾರ. ಕನ್ನಡದಲ್ಲಿ ಸದ್ದು ಬೇರೆ, ಕ್ರಿಯಾಪದ ಬೇರೆ: ಬಾಗಿಲು ಕಿರ್ರೆಂದು ತೆರೆಯಿತು. ಇಂಗ್ಲಿಷಿನಲ್ಲಿ ಸದ್ದೇ ಕ್ರಿಯಾಪದ: ದ ಡೋರ್ ಕ್ರೀಕ್ಡ್ ಓಪನ್. (ನಮ್ಮಲ್ಲೂ ಕಿರುಗುಟ್ಟು, ಪಿಸುಗುಟ್ಟು ಇವೆ. ಆದರೆ ಮಾತಿನಲ್ಲಿ ‘ಕಿರ್ ಅಂತ’ ಅನ್ನುವಾಗಿನ ‘ಅಂತ’ದ್ದೇ ದರ್ಬಾರು.) ‘ಓಪನ್ಡ್ ವಿತ್ ಕ್ರೀಕ್ ಸೌಂಡ್’ ಅಂದರೆ ಆ ‘ಅಂತ’ವನ್ನೂ ಹೊತ್ತುಕೊಂಡು ಹೋದ ಹಾಗೆ.

ಇನ್ನು ಜೋಡಿ ಪದಗಳು. ಸದ್ದು ಮತ್ತೆ ಮತ್ತೆ ಬಂದರೆ ನಾವು ಪದವನ್ನು ಎರಡು ಸಲ ಹೇಳುತ್ತೇವೆ, ಇಂಗ್ಲಿಷು ಬಾಲ ಸೇರಿಸುತ್ತದೆ. ಚಟ್ ಅಂದರೆ ಕ್ರ್ಯಾಕ್, ಚಟಚಟ ಅಂದರೆ ಕ್ರ್ಯಾಕಲ್. ಪಟ್ ಅಂದರೆ ಪ್ಯಾಟ್, ಪಟಪಟ ಅಂದರೆ ಪ್ಯಾಟರ್. ಗಡಗಡಕ್ಕೆ ರ್‍ಯಾಟಲ್, ಗುಡುಗುಡುಗೆ ರಂಬಲ್. ಈ ‘ಲ್’, ‘ರ್’ ಬಾಲ ಕಂಡರೆ ಒಂದೇ ಏಟಿನ ಸದ್ದಲ್ಲ ಎಂದು ಹೆಚ್ಚಿನ ಸಲ ಊಹಿಸಬಹುದು. ಒಂದೇ ಏಟಿನದು ಥಡ್: ತೆಂಗಿನಕಾಯಿ ದೊಪ್ಪೆಂದು ಬಿದ್ದದ್ದು.

ಕ್ಲ್ಯಾಂಗ್, ಕ್ಲ್ಯಾಂಕ್ ಎರಡೂ ಲೋಹದ ಸದ್ದೇ. ಆದರೆ ಮೊದಲನೆಯದು ಕಬ್ಬಿಣದ ಗೇಟು ಬಡಿದ ಹಾಗೆ ಮೊಳಗುತ್ತಲೇ ಇರುತ್ತದೆ, ಎರಡನೆಯದು ದಪ್ಪ ಸರಪಳಿಯದು, ‘ಕ್’ ಬಂದು ಅಲ್ಲೇ ನಿಲ್ಲಿಸಿಬಿಡುತ್ತದೆ. ಕ್ಲ್ಯಾಂಗ್ ಉಚ್ಚರಿಸುವಾಗ ಕೊನೆಯಲ್ಲಿ ‘ಗ’ ಒತ್ತಬಾರದು. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ನಮ್ಮ ‘ಙ’ಕ್ಕೆ ಇಲ್ಲಿ ಡ್ಯೂಟಿ ಇದೆ.

ಕೀರಲು ಸದ್ದುಗಳಲ್ಲಿ ತಪ್ಪು ಹೆಚ್ಚು. ಸ್ಕ್ವೀಕ್ ಸಣ್ಣದು, ಗಿಡ್ಡದು: ಇಲಿ, ಹೊಸ ಬೂಟು. ಅದನ್ನೇ ಎಳೆದರೆ ಸ್ಕ್ವೀಲ್. ಸ್ಕ್ರೀಚ್‌ನಲ್ಲಿ ಒರಟುತನ ಸೇರಿದೆ: ಟೈರು ರಸ್ತೆಗೆ ಉಜ್ಜಿದ್ದು. ಕ್ರೀಕ್ ತಗ್ಗು ದನಿಯದು, ಹಳೇ ಮಂಚದ್ದು. ಗ್ರೈಂಡ್ ಅಂದರೆ ಕರಕರ. ಗ್ಯಾರೇಜಿಗೆ ಇಂಗ್ಲಿಷಿನಲ್ಲಿ ಮೆಸೇಜು ಹಾಕುವಾಗ ಈ ವ್ಯತ್ಯಾಸಕ್ಕೆ ದುಡ್ಡಿನ ಲೆಕ್ಕವೂ ಇದೆ. ಬೆಳಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಸ್ಕ್ವೀಲ್ ಆಗಿ ಆಮೇಲೆ ಸದ್ದು ನಿಂತರೆ ಸಾಮಾನ್ಯವಾಗಿ ಚಕ್ರದ ಜೊತೆ ತಿರುಗುವ ಡಿಸ್ಕಿನ ಮೇಲಿನ ತೇವ ಅಥವಾ ತೆಳು ತುಕ್ಕು. ನಿಲ್ಲದಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಸವೆದಿರಬಹುದು. ಎಷ್ಟೋ ಕಾರುಗಳ ಪ್ಯಾಡಿನಲ್ಲಿ ಅದಕ್ಕೆಂದೇ ಒಂದು ಲೋಹದ ಚೂರು ಇರುತ್ತದೆ, ಪ್ಯಾಡು ಸವೆದಾಗ ಡಿಸ್ಕಿಗೆ ತಾಗಿ ಕೂಗಲಿ ಅಂತ. ಗ್ರೈಂಡಿಂಗ್ ಅಂದರೆ ಪ್ಯಾಡಿನ ಹಿಂದಿನ ಫಲಕವೇ ಡಿಸ್ಕನ್ನು ಕೆರೆಯುತ್ತಿರಬಹುದು, ಗಾಡಿ ಓಡಿಸದಿರುವುದೇ ವಾಸಿ. ‘ಸೌಂಡ್’ ಅಂದರೆ ಇದ್ಯಾವುದೂ ತಿಳಿಯುವುದಿಲ್ಲ.

ಗದ್ದಲದ ಪದಗಳಲ್ಲಿ ಡಿನ್ ಬಿಡದೆ ಕಿವಿಗೆ ಬಡಿಯುವಂಥದು. ಸಂಸ್ಕೃತದಿಂದ ಬಂದ ನಮ್ಮ ‘ಧ್ವನಿ’ಗೆ ಅದು ದೂರದ ನೆಂಟ. ಕ್ಲ್ಯಾಮರ್ ಜನರ ಕೂಗು, ಹಕ್ಕೊತ್ತಾಯಕ್ಕೂ ಸಲ್ಲುತ್ತದೆ. ಅಪ್‌ರೋರ್‌ಗೂ ಸಿಂಹದ ರೋರ್‌ಗೂ ಸಂಬಂಧವಿಲ್ಲ. ಅದು ದಂಗೆ ಅನ್ನುವ ಅರ್ಥದ ಡಚ್ ಪದದಿಂದ ಬಂದದ್ದು. ಕ್ಯಾಕೊಫೊನಿ ಅಂದರೆ ಜೋರು ಅಂತಲ್ಲ, ಒಂದಕ್ಕೊಂದು ಹೊಂದದ ಸದ್ದುಗಳ ಕಲಸುಮೇಲೋಗರ. ಒಬ್ಬನ ಗೊರಕೆಗೆ ಆ ಪದ ದುಬಾರಿ. ಬೆಡ್ಲಮ್ ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆಯ ಹೆಸರಿನಿಂದ ಬಂದದ್ದು, ನಾನಂತೂ ಬಳಸಲಾರೆ.

ಮೈಕಿನ ಕಾಟಕ್ಕೆ ಬ್ಲೇರ್ ಸರಿಯಾದ ಪದ. ದೂರು ಕೊಡುವುದಾದರೆ ‘ಹೆವಿ ಸೌಂಡ್’ ಬಿಟ್ಟು ‘ದ ಲೌಡ್‌ಸ್ಪೀಕರ್ ವಾಸ್ ಬ್ಲೇರಿಂಗ್ ಟಿಲ್ 11:30 ಪಿಎಂ’ ಎಂದು ಬರೆಯಿರಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಆ ಹೊತ್ತಿನಲ್ಲಿ 45 ಡೆಸಿಬೆಲ್ ಮಿತಿ. ದೂರಿನಲ್ಲಿ ಹೊತ್ತನ್ನು ನಮೂದಿಸುವುದು ಮಾತ್ರ ಮರೆಯಬೇಡಿ.