ಕ್ರೀಟ್‌ಗೆ ಹೋಗುವವರು ಕಡಲತೀರದ ಪಟ್ಟಿಯನ್ನು ಸ್ವಲ್ಪ ಬದಿಗಿಡಲಿ

ಗ್ರೀಸ್ ಪ್ರವಾಸಕ್ಕೆ ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಅಥೆನ್ಸ್ ನೋಡಿ ನೇರವಾಗಿ ಸ್ಯಾಂಟೊರಿನಿಗೆ ಹೋಗುತ್ತಾರೆ. ಇನ್ನೂ ಸಮಯ ಉಳಿದರೆ ಕ್ರೀಟ್ ದ್ವೀಪಕ್ಕೆ ಹೋಗಿ, ಎಲಾಫೊನಿಸಿಯ ನಸುಗೆಂಪು ಮರಳಿನ ಮೇಲೆ, ಬಾಲೋಸ್‌ನ ತಿಳಿನೀರಿನ ಎದುರು ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಆ ಎರಡು ತೀರಗಳೂ ಸುಂದರವಾಗಿವೆ, ಅದರಲ್ಲಿ ತಕರಾರಿಲ್ಲ. ಆದರೆ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಚಾಚಿಕೊಂಡಿರುವ, ಗ್ರೀಸ್‌ನ ದ್ವೀಪಗಳಲ್ಲೇ ಅತಿ ದೊಡ್ಡದಾದ, ನಾಲ್ಕು ಸಾವಿರ ವರ್ಷಗಳ ಹಿಂದೆ ಅರಮನೆಗಳನ್ನು ಕಟ್ಟಿ ಲೆಕ್ಕಪತ್ರ ಬರೆದಿಟ್ಟ ಮಿನೋವನ್ ಜನರ ನೆಲವನ್ನು ಬರೀ ಕಡಲತೀರವೆಂದು ನೋಡಿ ಬರುವುದು ನನಗೆ ತೀರಾ ಅನ್ಯಾಯವೆನಿಸುತ್ತದೆ. ಆ ಜನರ ಎರಡು ಅರಮನೆಗಳ ಪಾಳುಗಳು ಕ್ನೋಸೋಸ್ ಮತ್ತು ಫೈಸ್ಟೋಸ್‌ನಲ್ಲಿವೆ. ಕ್ರೀಟ್‌ಗೆ ಹೋದವರು ಕ್ನೋಸೋಸ್ ನೋಡಬೇಕು; ಕ್ನೋಸೋಸ್ ನೋಡಿದವರು ಫೈಸ್ಟೋಸ್ ನೋಡದೆ ಮರಳಬಾರದು. ಈ ಮಾತನ್ನು ಒತ್ತಿ ಹೇಳುವುದಕ್ಕೆ ನನಗೆ ಕಾರಣವಿದೆ.

ಮೊದಲು ಹೋಗಬೇಕಾದದ್ದು ಹೆರಾಕ್ಲಿಯೋನ್ ನಗರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ. ಪ್ರವಾಸ ಕಂಪನಿಗಳು ಬೆಳಿಗ್ಗೆ ಕ್ನೋಸೋಸ್ ತೋರಿಸಿ, ಸಮಯ ಮಿಕ್ಕರೆ ಮಾತ್ರ ಇಲ್ಲಿಗೆ ಕರೆತರುವುದುಂಟು. ಆ ಕ್ರಮ ತಿರುಗುಮುರುಗಾಗಬೇಕು, ಏಕೆಂದರೆ ಕ್ನೋಸೋಸ್‌ನ ಗೋಡೆಗಳ ಮೇಲೆ ಈಗ ಕಾಣುವ ಭಿತ್ತಿಚಿತ್ರಗಳು ನಕಲುಗಳು. ಮೂಲ ತುಣುಕುಗಳು ಇರುವುದು ಈ ಸಂಗ್ರಹಾಲಯದಲ್ಲಿ. ಓಡಿ ಬರುವ ಗೂಳಿಯ ಬೆನ್ನ ಮೇಲಿಂದ ಲಾಗ ಹಾಕುವ ಯುವಕನ ಚಿತ್ರವನ್ನು ಹತ್ತಿರದಿಂದ ನೋಡಿದಾಗ, ಹಳೆಯ ಗಾರೆಯ ತುಣುಕು ಎಲ್ಲಿ ಮುಗಿಯುತ್ತದೆ, ಅದನ್ನು ಜೋಡಿಸಿದವರು ಊಹಿಸಿ ತುಂಬಿದ ಬಣ್ಣ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಬರಿಗಣ್ಣಿಗೇ ತಿಳಿಯುತ್ತದೆ. ಅದೇ ಅರಮನೆಯಲ್ಲಿ ಸಿಕ್ಕಿದ ಇನ್ನೊಂದು ಚಿತ್ರದಲ್ಲಿ ಕೇಸರಿ ಹೂ ಕೀಳುತ್ತಿರುವವನು ಹುಡುಗನೆಂದು ಮೊದಲು ಭಾವಿಸಿ ಹಾಗೆಯೇ ಪೂರ್ಣಗೊಳಿಸಿದ್ದರು. ಅದು ನೀಲಿ ಬಣ್ಣದ ಕೋತಿಯೆಂದು ಆಮೇಲೆ ಗೊತ್ತಾಯಿತು. ಇಷ್ಟನ್ನು ತಿಳಿದುಕೊಂಡು ಕ್ನೋಸೋಸ್‌ಗೆ ಹೋದರೆ ನೋಟವೇ ಬೇರೆಯಾಗುತ್ತದೆ. ಎರಡೂ ಕೈಗಳಲ್ಲಿ ಹಾವು ಹಿಡಿದು ನಿಂತ ಪುಟ್ಟ ದೇವಿಯ ವಿಗ್ರಹ, ಮಾಲಿಯಾದಲ್ಲಿ ಸಿಕ್ಕಿದ, ಎರಡು ಜೇನುಹುಳುಗಳು ಒಂದು ಹನಿಯನ್ನು ಹಿಡಿದಿರುವ ಚಿನ್ನದ ಪದಕ, ಹಾಗಿಯಾ ಟ್ರಿಯಾಡಾದ ಚಿತ್ರಿತ ಶವಪೆಟ್ಟಿಗೆ, ಇವೆಲ್ಲ ಇರುವುದೂ ಇಲ್ಲಿಯೇ. ಅರ್ಧ ದಿನವನ್ನಾದರೂ ಈ ಕಟ್ಟಡಕ್ಕೆ ಕೊಡಿ.

ಕ್ನೋಸೋಸ್ ಇರುವುದು ನಗರದಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ. ಅಲ್ಲಿ ಮೊದಲು ಅಗೆದವನು ಹೆರಾಕ್ಲಿಯೋನ್‌ನ ವರ್ತಕ ಮಿನೋಸ್ ಕಾಲೊಕೈರಿನೋಸ್. 1878ರಲ್ಲಿ ಅವನಿಗೆ ಆಳೆತ್ತರದ ಗುಡಾಣಗಳಿದ್ದ ಉಗ್ರಾಣಗಳು ಸಿಕ್ಕವು. ದ್ವೀಪ ಆಗ ಆಟೊಮನ್ ತುರ್ಕರ ಕೈಯಲ್ಲಿತ್ತು. ಸಿಕ್ಕಿದ್ದೆಲ್ಲ ಇಸ್ತಾಂಬುಲ್‌ಗೆ ಸಾಗಿಹೋದೀತೆಂಬ ಆತಂಕದಿಂದ ಸ್ಥಳೀಯ ಮುಖಂಡರೇ ಕೆಲಸವನ್ನು ನಿಲ್ಲಿಸಿದರು. ತುರ್ಕರ ಹಿಡಿತ ತಪ್ಪಿದ ಮೇಲೆ, 1900ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆರ್ಥರ್ ಇವಾನ್ಸ್ ಉತ್ಖನನ ಆರಂಭಿಸಿದರು. ಕೆಲವೇ ವಾರಗಳಲ್ಲಿ ಜಿಪ್ಸಮ್ ಕಲ್ಲಿನ ಸಿಂಹಾಸನವಿದ್ದ ಕೋಣೆ ಬೆಳಕಿಗೆ ಬಂತು. ಲೋಕವೆಲ್ಲ ಇವಾನ್ಸ್ ಹೆಸರನ್ನಷ್ಟೇ ನೆನೆಯುತ್ತದೆ. ಆ ಕ್ರೀಟ್ ವರ್ತಕನ ಹೆಸರನ್ನೂ ಅಷ್ಟೇ ಗೌರವದಿಂದ ಹೇಳಬೇಕೆಂದು ನಾನು ಬಯಸುತ್ತೇನೆ.

ಅಗೆದು ತೆಗೆದ ಅರಮನೆಯನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಮೂಲದಲ್ಲಿ ಕಂಬಗಳೂ ತೊಲೆಗಳೂ ಮರದವು. ಅವು ಸುಟ್ಟು ಹೋಗಿದ್ದರಿಂದ ಮೇಲಂತಸ್ತಿನ ಕಲ್ಲುಗಳಿಗೆ ಆಧಾರವೇ ಇರಲಿಲ್ಲ. ಇವಾನ್ಸ್ ಮೊದಲು ಮರವನ್ನೇ ಬಳಸಿದರು, ಅದು ಮಳೆಗೆ ಕೊಳೆಯಿತು. 1920ರ ದಶಕದಲ್ಲಿ ಅವರು ಉಕ್ಕಿನ ಸರಳುಗಳ ಕಾಂಕ್ರೀಟಿನಿಂದ ಗೋಡೆ, ಮಹಡಿ, ಕಂಬಗಳನ್ನು ಎಬ್ಬಿಸಿದರು. ಬುಡದಲ್ಲಿ ಸಣ್ಣದಾಗಿ ಮೇಲಕ್ಕೆ ಹೋದಂತೆ ದಪ್ಪವಾಗುವ ಆ ಕೆಂಪು ಕಂಬಗಳು ಇಂದು ಕ್ರೀಟ್‌ನ ಗುರುತೇ ಆಗಿಬಿಟ್ಟಿವೆ. ಅವು ಇಪ್ಪತ್ತನೆಯ ಶತಮಾನದವು ಎಂಬುದನ್ನು ಅಲ್ಲಿ ಫೋಟೊ ತೆಗೆಯುವವರಲ್ಲಿ ಎಷ್ಟು ಜನ ಬಲ್ಲರು?

ಇವಾನ್ಸ್ ಮಾಡಿದ್ದನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಅವರ ಕಾಂಕ್ರೀಟ್ ಇಲ್ಲದಿದ್ದರೆ ಮೆಟ್ಟಿಲುಗಳ ಸಾಲು ಹೇಗೆ ಒಂದರ ಕೆಳಗೊಂದು ಇಳಿಯುತ್ತಿತ್ತು, ನಡುವಿನ ತೆರೆದ ಬಾವಿಯಂಥ ಅಂಕಣದಿಂದ ಕೆಳಗಿನ ಕೋಣೆಗಳಿಗೆ ಬೆಳಕು ಹೇಗೆ ಬೀಳುತ್ತಿತ್ತು ಎಂಬುದು ನಮ್ಮಂಥ ಸಾಮಾನ್ಯರಿಗೆ ಅರ್ಥವಾಗುವುದು ದುಸ್ತರ. ಆದರೆ ಒಬ್ಬನ ಕಲ್ಪನೆ ಒಮ್ಮೆ ಕಾಂಕ್ರೀಟಿನಲ್ಲಿ ನಿಂತುಬಿಟ್ಟರೆ ಬೇರೊಂದು ಕಲ್ಪನೆಗೆ ಅಲ್ಲಿ ಜಾಗವಿರುವುದಿಲ್ಲ. ‘ರಾಣಿಯ ಕೋಣೆ’ ಎಂದು ಫಲಕ ಕಂಡೊಡನೆ ನಾವು ರಾಣಿಯನ್ನು ಊಹಿಸಿಕೊಳ್ಳುತ್ತೇವೆ. ಅಲ್ಲಿ ರಾಣಿಯೊಬ್ಬಳು ಇದ್ದಳೆಂಬುದು ಇವಾನ್ಸ್ ಅವರ ಊಹೆ. ಆದ್ದರಿಂದ ಕ್ನೋಸೋಸ್‌ನಲ್ಲಿ ನಡೆಯುವಾಗ ಕಣ್ಣನ್ನು ನೆಲದ ಕಡೆಗೂ ಇಡಬೇಕು. ಸವೆದ ಜಿಪ್ಸಮ್ ಹಾಸುಗಲ್ಲುಗಳು, ಉಗ್ರಾಣಗಳ ಉದ್ದನೆಯ ಸಾಲು, ಅಲ್ಲಿನ ಗುಡಾಣಗಳು, ನೀರು ಹರಿಯಲು ಮಾಡಿದ ಕಾಲುವೆಗಳು ಹಳೆಯವೇ. ಇಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳ ಕಥೆಯೂ ವಿಶಿಷ್ಟವಾದದ್ದು. ಅವುಗಳನ್ನು ಬರೆದವರು ಸುಟ್ಟು ಗಟ್ಟಿ ಮಾಡಿರಲಿಲ್ಲ. ಅರಮನೆಯನ್ನು ನಾಶ ಮಾಡಿದ ಬೆಂಕಿಯೇ ಅವುಗಳನ್ನು ಸುಟ್ಟು ಉಳಿಸಿತು. ಲೀನಿಯರ್ ಬಿ ಎಂಬ ಆ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದಾಗ ಅದರಲ್ಲಿದ್ದದ್ದು ಗ್ರೀಕ್ ಭಾಷೆಯ ಪ್ರಾಚೀನ ರೂಪ. ವಿಷಯ ಕುರಿ, ಉಣ್ಣೆ, ಎಣ್ಣೆಗಳ ಲೆಕ್ಕ. ಅದಕ್ಕೂ ಹಿಂದಿನ ಲೀನಿಯರ್ ಎ ಲಿಪಿಯನ್ನು ಯಾರೂ ಇನ್ನೂ ಓದಿಲ್ಲ.

ಇನ್ನು ಫೈಸ್ಟೋಸ್. ಹೆರಾಕ್ಲಿಯೋನ್‌ನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಬೆಟ್ಟದ ದಾರಿಯಲ್ಲಿ ಹೋದರೆ ಮೆಸ್ಸಾರಾ ಬಯಲು ತೆರೆದುಕೊಳ್ಳುತ್ತದೆ. ಅದರ ಅಂಚಿನ ದಿಬ್ಬದ ಮೇಲೆ ಈ ಅರಮನೆಯಿದೆ. ಇಲ್ಲಿ ಇಟಲಿಯ ಪುರಾತತ್ವಜ್ಞರು 1900ರಿಂದ ಅಗೆದರು, ಆದರೆ ಸಿಕ್ಕಿದ್ದನ್ನು ಹೆಚ್ಚೂಕಡಿಮೆ ಸಿಕ್ಕ ಹಾಗೆಯೇ ಬಿಟ್ಟರು. ಕೆಂಪು ಕಂಬಗಳಿಲ್ಲ, ಬಣ್ಣದ ಗೋಡೆಗಳಿಲ್ಲ. ಅಗಲವಾದ ಮೆಟ್ಟಿಲುಗಳು ಏರಿ ಆಕಾಶದ ಕಡೆ ನಿಂತುಬಿಡುತ್ತವೆ; ನಡುವಿನ ಅಂಗಳದಲ್ಲಿ ನಿಂತು ಉತ್ತರಕ್ಕೆ ನೋಡಿದರೆ 2,456 ಮೀಟರ್ ಎತ್ತರದ ಪ್ಸಿಲೊರೀಟಿಸ್ ಪರ್ವತ ಎದುರಿಗಿರುತ್ತದೆ, ತಿರುಗಿದರೆ ಆಲಿವ್ ತೋಟಗಳ ಬಯಲು. ಕಟ್ಟಿದವರು ಈ ಜಾಗವನ್ನೇ ಏಕೆ ಆರಿಸಿಕೊಂಡರೆಂದು ಯಾರೂ ವಿವರಿಸಬೇಕಾಗಿಲ್ಲ. ಬಸ್ಸುಗಟ್ಟಲೆ ಜನ ಬರುವ ಕ್ನೋಸೋಸ್‌ನ ಗದ್ದಲ ಇಲ್ಲಿಲ್ಲ. ಎರಡೂ ಕಡೆ ನೋಡಿದವರಿಗೆ ಮಾತ್ರ, ಪಾಳುಬಿದ್ದದ್ದನ್ನು ಎಷ್ಟರ ಮಟ್ಟಿಗೆ ಮತ್ತೆ ಕಟ್ಟಬಹುದು ಎಂಬ ಪ್ರಶ್ನೆಯ ಎರಡು ಉತ್ತರಗಳು ಒಂದೇ ಪ್ರವಾಸದಲ್ಲಿ ಸಿಗುತ್ತವೆ. ನನ್ನ ಮನಸ್ಸು ಫೈಸ್ಟೋಸ್‌ನ ಕಡೆಗೇ ವಾಲುತ್ತದೆ. 1908ರಲ್ಲಿ ಲುಯಿಜಿ ಪೆರ್ನಿಯೆ ಅವರಿಗೆ ಸಿಕ್ಕ, ಎರಡೂ ಬದಿಯಲ್ಲಿ ಸುರುಳಿಯಾಗಿ ಚಿಹ್ನೆಗಳನ್ನು ಅಚ್ಚೊತ್ತಿದ ಮಣ್ಣಿನ ಬಿಲ್ಲೆಯೂ ಇಲ್ಲಿನದೇ. ಈಗ ಅದಿರುವುದು ಹೆರಾಕ್ಲಿಯೋನ್‌ನ ಸಂಗ್ರಹಾಲಯದಲ್ಲಿ. ಕ್ನೋಸೋಸ್, ಫೈಸ್ಟೋಸ್ ಸೇರಿದಂತೆ ಆರು ಮಿನೋವನ್ ನೆಲೆಗಳು 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಅದೇ ದಾರಿಯಲ್ಲಿ ಗೋರ್ಟಿನ್ ಸಿಗುತ್ತದೆ. ದಯವಿಟ್ಟು ವಾಹನ ನಿಲ್ಲಿಸಿ. ರೋಮನ್ನರ ಕಾಲದಲ್ಲಿ ಕ್ರೀಟ್‌ನ ರಾಜಧಾನಿಯಾಗಿದ್ದ ಈ ಊರಿನ ಹಾಳುಗಳ ನಡುವೆ ಕ್ರಿ.ಪೂ. ಐದನೆಯ ಶತಮಾನದ ಕಾನೂನು ಶಾಸನವೊಂದು ಸುಮಾರು 600 ಸಾಲುಗಳಲ್ಲಿ ಕಲ್ಲುಗೋಡೆಯ ಮೇಲಿದೆ. ಉಳುವ ಎತ್ತು ಹೊಲದ ತುದಿಗೆ ಹೋಗಿ ತಿರುಗಿ ಬರುವಂತೆ, ಒಂದು ಸಾಲು ಬಲದಿಂದ ಎಡಕ್ಕೂ ಮುಂದಿನದು ಎಡದಿಂದ ಬಲಕ್ಕೂ ಸಾಗುತ್ತದೆ. ಮಗಳಿಗೆ ಮಗನ ಪಾಲಿನ ಅರ್ಧದಷ್ಟು ಆಸ್ತಿ ಸಲ್ಲಬೇಕೆಂದು, ವಿಚ್ಛೇದನವಾದಾಗ ಹೆಂಡತಿ ತಾನು ತಂದದ್ದನ್ನು ತಾನೇ ಇಟ್ಟುಕೊಳ್ಳಬೇಕೆಂದು ಅದರಲ್ಲಿ ಬರೆದಿದೆ. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಬಗ್ಗೆ ಇಂದಿಗೂ ವಾದಿಸುತ್ತಿರುವ ನಾವು ಈ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ದ್ವೀಪದ ಪೂರ್ವಕ್ಕೆ ಹೋಗುವವರು ಸ್ಪಿನಾಲೊಂಗಾ ಎಂಬ ಚಿಕ್ಕ ಕೋಟೆ-ದ್ವೀಪಕ್ಕೆ ದೋಣಿ ಹಿಡಿಯುತ್ತಾರೆ. ಪ್ಲಾಕಾ ಊರಿನಿಂದ ಹೊರಟರೆ ಕೆಲವೇ ನಿಮಿಷಗಳ ದಾರಿ. 1579ರಲ್ಲಿ ವೆನಿಸ್‌ನವರು ಕಟ್ಟಲಾರಂಭಿಸಿದ ಈ ಕೋಟೆ, 1669ರಲ್ಲಿ ಕ್ರೀಟ್ ತುರ್ಕರ ವಶವಾದ ಮೇಲೂ 1715ರವರೆಗೆ ವೆನಿಸ್‌ನ ಕೈಯಲ್ಲೇ ಉಳಿಯಿತು. ಆದರೆ ನಾವು ಅಲ್ಲಿ ನೆನೆಯಬೇಕಾದದ್ದು 1903ರ ನಂತರದ ಕಾಲವನ್ನು. ಅಂದಿನ ಸರ್ಕಾರ ಕುಷ್ಠರೋಗಿಗಳನ್ನು ಅವರವರ ಮನೆಗಳಿಂದ ಬೇರ್ಪಡಿಸಿ ಇಲ್ಲಿ ಕೂಡಿಹಾಕಲು ನಿರ್ಧರಿಸಿತು. ಕೊನೆಯ ರೋಗಿಗಳು ಹೊರಬಂದದ್ದು 1957ರಲ್ಲಿ. ಕಾನೂನು ವಿದ್ಯಾರ್ಥಿಯಾಗಿದ್ದ ಎಪಾಮಿನೊಂಡಾಸ್ ರೆಮೂಂಡಾಕಿಸ್ 1936ರಲ್ಲಿ ಇಲ್ಲಿಗೆ ಬಂದಾಗ, ರೋಗಿಗಳನ್ನು ಸಂಘಟಿಸಿ ಮನುಷ್ಯರಂತೆ ಬದುಕುವ ಹಕ್ಕನ್ನು ಕೇಳಿದರು. ಈ ದ್ವೀಪವನ್ನು ‘ಭಯಾನಕ ತಾಣ’ ಎಂದು ಬಣ್ಣಿಸುವ ವೀಡಿಯೊಗಳನ್ನು ಕಂಡರೆ ನನಗೆ ನೋವಾಗುತ್ತದೆ. ಇಲ್ಲಿ ಜನ ಮದುವೆಯಾದರು, ಮಕ್ಕಳನ್ನು ಹೆತ್ತರು, ಅಂಗಡಿ ನಡೆಸಿದರು. ಸ್ಮಶಾನದ ಬಳಿ ಸೆಲ್ಫಿ ತೆಗೆಯುವುದನ್ನಾದರೂ ನಾವು ಬಿಡಬಹುದು.

ಪಶ್ಚಿಮದಲ್ಲಿ ಖನಿಯಾದ ಹಳೆಯ ಬಂದರನ್ನು ಸಂಜೆ ನಡೆದಾಡಿ ನೋಡಿ. ಸಮಾರಿಯಾ ಕಣಿವೆ ಸುಮಾರು 16 ಕಿಲೋಮೀಟರ್ ಇಳಿಜಾರಿನ ನಡಿಗೆ; ಕಿರಿದಾದ ಜಾಗದಲ್ಲಿ ಎರಡೂ ಕಡೆಯ ಬಂಡೆಗಳ ನಡುವೆ ಕೆಲವೇ ಮೀಟರ್ ಅಂತರ. ಅದು ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ, ತುದಿಯಲ್ಲಿರುವ ಅಗಿಯಾ ರೂಮೆಲಿಗೆ ವಾಹನದ ರಸ್ತೆಯಿಲ್ಲ, ದೋಣಿಯಲ್ಲೇ ಹೊರಬರಬೇಕು. ಮೊಣಕಾಲು ನೋವಿರುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಸಸ್ಯಾಹಾರದ ಬಗ್ಗೆ ನಮ್ಮವರಿಗೆ ಯಾವಾಗಲೂ ಅಳುಕು. ಕ್ರೀಟ್‌ನಲ್ಲಿ ಆ ಅಳುಕು ಬೇಡ. ಬಾರ್ಲಿಯ ಗಟ್ಟಿ ರೊಟ್ಟಿಯ ಮೇಲೆ ಟೊಮೆಟೊ, ಚೀಸ್, ಆಲಿವ್ ಎಣ್ಣೆ ಹಾಕಿದ ಡಾಕೋಸ್, ಎಣ್ಣೆ ಮತ್ತು ನಿಂಬೆಯ ಜೊತೆ ಬೇಯಿಸಿ ಕೊಡುವ ಕಾಡುಸೊಪ್ಪುಗಳು, ಬೇಳೆಯ ಫಾವಾ, ಅನ್ನ ತುಂಬಿದ ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿ ಎಲ್ಲ ಊರುಗಳ ಚಿಕ್ಕ ಹೋಟೆಲುಗಳಲ್ಲೂ ಸಿಗುತ್ತವೆ. ತುಂಬಿದ ತರಕಾರಿಯಲ್ಲಿ ಕೊಚ್ಚಿದ ಮಾಂಸ ಇದೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೆರಳಿಲ್ಲದ ಪಾಳುಗಳಲ್ಲಿ ಮಧ್ಯಾಹ್ನ ನಿಲ್ಲಲಾಗುವುದಿಲ್ಲ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ, ಹೆರಾಕ್ಲಿಯೋನ್‌ನಲ್ಲೇ ಮೂರು ರಾತ್ರಿ ತಂಗಿ, ಒಂದು ದಿನ ಸಂಗ್ರಹಾಲಯ ಮತ್ತು ಕ್ನೋಸೋಸ್, ಇನ್ನೊಂದು ದಿನ ಗೋರ್ಟಿನ್ ಮತ್ತು ಫೈಸ್ಟೋಸ್ ನೋಡಿ. ಎಲಾಫೊನಿಸಿಯ ಮರಳು ಆ ನಂತರಕ್ಕಿರಲಿ.